ವೆಬ್‌ಸೈಟಿಗೆ ಬರುವವರು ಕಡಿಮೆಯಾದರೆ ಅಂಗಡಿಗೆ ಬರುವವರೂ ಕಡಿಮೆಯಾದರಾ?

ಸಣ್ಣ ಅಂಗಡಿ, ಹೋಮ್‌ಸ್ಟೇ, ಕ್ಲಿನಿಕ್ ನಡೆಸುವವರ ಫೋನಿಗೆ ಈಚೆಗೆ ಹೊಸ ಬಗೆಯ ಕರೆ ಬರುತ್ತಿದೆ. ‘ನಿಮ್ಮ ವೆಬ್‌ಸೈಟನ್ನು ಗೂಗಲ್‌ನಲ್ಲಿ ಫಸ್ಟ್ ಪೇಜಿಗೆ ತರ್ತೀವಿ ಸರ್’ ಎನ್ನುತ್ತಿದ್ದವರೇ ಈಗ ‘ಎಸ್‌ಇಒ ಕಾಲ ಮುಗೀತು ಸರ್, ಇನ್ಮೇಲೆ ಜಿಇಒ ಮಾಡಿಸ್ಬೇಕು’ ಎನ್ನುತ್ತಾರೆ. ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಪುಟ ಮೇಲೆ ಕಾಣುವಂತೆ ಮಾಡುವ ಕೆಲಸ. ಜಿಇಒ ಅಂದರೆ ಎಐ ಕೊಡುವ ಉತ್ತರದೊಳಗೆ ನಮ್ಮ ಹೆಸರು ಬರುವಂತೆ ಮಾಡುವ ಕೆಲಸ. ಇದಕ್ಕೆ ದುಡ್ಡು ಸುರಿಯಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರಿಗೆ ಸುದ್ದಿಗಳಿಂದಲೂ ಸಹಾಯ ಆಗುತ್ತಿಲ್ಲ. ಗೂಗಲ್‌ನಿಂದ ವೆಬ್‌ಸೈಟುಗಳಿಗೆ ಹೋಗುವ ಜನ ಅರ್ಧಕ್ಕರ್ಧ ಕಡಿಮೆಯಾದರು ಎನ್ನುತ್ತದೆ ಒಂದು ಸುದ್ದಿ. ಅಂಥದ್ದೇನೂ ಆಗಿಲ್ಲ ಎನ್ನುತ್ತದೆ ಗೂಗಲ್.

ಎರಡರಲ್ಲೂ ನಿಜ ಇದೆ. ಯಾರ ಪುಟಕ್ಕೆ, ಯಾವ ಪ್ರಶ್ನೆ ಹಿಡಿದು ಬರುತ್ತಿದ್ದವರು ಕಡಿಮೆಯಾದರು ಎಂದು ಬಿಡಿಸಿ ನೋಡಬೇಕು ಅಷ್ಟೇ.

ಹಳೆಯ ಕೊಡು-ಕೊಳ್ಳುವಿಕೆ

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಗೂಗಲ್ ಶುರು ಮಾಡಿದಾಗ ಅದರ ಲೆಕ್ಕಾಚಾರ ಸರಳವಾಗಿತ್ತು. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಹಾಗೆ ಕೊಟ್ಟ ಪುಟಗಳ ತೂಕ ಎಷ್ಟು ಎಂದು ನೋಡಿ ಸಾಲಾಗಿ ಜೋಡಿಸುವುದು. ಮೇಲೆ ಬಂದವರ ಬಾಗಿಲಿಗೆ ಜನ ಹೋಗುತ್ತಿದ್ದರು. ಪುಟ ಬರೆಯುವವರು ಗೂಗಲ್‌ಗೆ ಸರಕು ಕೊಡುತ್ತಿದ್ದರು, ಗೂಗಲ್ ಅವರಿಗೆ ಜನರನ್ನು ಕಳಿಸುತ್ತಿತ್ತು. ಬರೆದ ಕರಾರೇನೂ ಇರಲಿಲ್ಲ. ಆದರೂ ಎರಡು ದಶಕ ಇಬ್ಬರಿಗೂ ಲಾಭ ಇತ್ತು.

ಈಗ ಬದಲಾಗಿರುವುದು ಆ ಕಳಿಸುವ ಭಾಗ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ ಎಐ ಓವರ್‌ವ್ಯೂ ಬಂತು. ಪ್ರಶ್ನೆ ಕೇಳಿದರೆ ಪುಟಗಳ ಪಟ್ಟಿಗಿಂತ ಮೇಲೆ ಗೂಗಲ್ ತಾನೇ ನಾಲ್ಕಾರು ಸಾಲು ಉತ್ತರ ಬರೆದುಕೊಡುತ್ತದೆ. 2025ರ ಜುಲೈಯಲ್ಲಿ ಎಐ ಮೋಡ್ ಭಾರತದಲ್ಲಿ ಎಲ್ಲರಿಗೂ ತೆರೆಯಿತು. ಅದರಲ್ಲಿ ಹಳೆಯ ಪಟ್ಟಿಯೇ ಇಲ್ಲ, ಪೂರ್ತಿ ಮಾತುಕತೆ. ವರ್ಷದ ಕೊನೆಗೆ ಅದು ಕನ್ನಡವನ್ನೂ ಸೇರಿಸಿಕೊಂಡಿತು. ಉತ್ತರಕ್ಕೆ ಬೇಕಾದ ಸರಕು ಮಾತ್ರ ಈಗಲೂ ಅದೇ ವೆಬ್‌ಸೈಟುಗಳದ್ದು.

ಎರಡು ಲೆಕ್ಕ

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರ ಮಾರ್ಚ್‌ನಲ್ಲಿ ಸುಮಾರು 900 ಜನರ ಹುಡುಕಾಟವನ್ನು ಹಿಂಬಾಲಿಸಿ ನೋಡಿತು. ಎಐ ಉತ್ತರ ಕಂಡಾಗ ಕೆಳಗಿನ ಪಟ್ಟಿಯ ಯಾವುದಾದರೂ ಕೊಂಡಿಯನ್ನು ಒತ್ತಿದ್ದು ಶೇ 8ರಷ್ಟು ಸಲ. ಎಐ ಉತ್ತರ ಇಲ್ಲದಾಗ ಶೇ 15. ಉತ್ತರದೊಳಗೇ ಕೊಟ್ಟಿದ್ದ ಕೊಂಡಿಗಳನ್ನು ಒತ್ತಿದ್ದು ಬರೀ ಶೇ 1. ‘ಅರ್ಧಕ್ಕರ್ಧ’ ಎಂಬ ತಲೆಬರಹ ಹುಟ್ಟಿದ್ದು ಇಲ್ಲಿಂದ.

ಗೂಗಲ್ ಇದನ್ನು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಅದರ ಸರ್ಚ್ ವಿಭಾಗದ ಮುಖ್ಯಸ್ಥೆ ಲಿಜ್ ರೀಡ್, ವೆಬ್‌ಸೈಟುಗಳಿಗೆ ಹೋಗುವ ಒಟ್ಟು ಕ್ಲಿಕ್ ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅಷ್ಟೇ ಇದೆ ಎಂದು ಬರೆದರು. ಅದೇ ಬರಹದಲ್ಲಿ ಇನ್ನೊಂದು ಮಾತೂ ಇತ್ತು. ಕೆಲವು ಸೈಟುಗಳಿಗೆ ಜನ ಕಡಿಮೆಯಾಗಿದ್ದಾರೆ, ಕೆಲವಕ್ಕೆ ಜಾಸ್ತಿಯಾಗಿದ್ದಾರೆ ಎಂದು. ಸುದ್ದಿಯಲ್ಲಿ ಈ ಮಾತು ಅಷ್ಟಾಗಿ ಕಾಣಲಿಲ್ಲ. ಅಂಗಡಿಯವರಿಗೆ ಮುಖ್ಯವಾದದ್ದು ಇದೇ. ಇಡೀ ಜಿಲ್ಲೆಯಲ್ಲಿ ಸರಾಸರಿ ಮಳೆ ಆಯಿತು ಅಂದರೆ ನಮ್ಮ ಹೊಲಕ್ಕೆ ಬಿತ್ತು ಅಂತಲ್ಲ ಅಲ್ವಾ?

ಯಾರ ಹೊಲಕ್ಕೆ ಬೀಳಲಿಲ್ಲ ಎಂಬುದಕ್ಕೆ ಪ್ಯೂ ಲೆಕ್ಕದಲ್ಲೇ ಸುಳಿವಿದೆ. ಒಟ್ಟು ಹುಡುಕಾಟಗಳಲ್ಲಿ ಎಐ ಉತ್ತರ ಬಂದದ್ದು ಸುಮಾರು ಶೇ 18ರಲ್ಲಿ. ಒಂದೆರಡು ಪದ ಟೈಪಿಸಿದಾಗ ಶೇ 8ರಲ್ಲಿ ಮಾತ್ರ. ‘ಯಾಕೆ’, ‘ಏನು’, ‘ಯಾರು’ ಎಂದು ಶುರುವಾದ ಪ್ರಶ್ನೆಗಳಲ್ಲಿ ಶೇ 60ಕ್ಕೆ ಏರಿತು. ಮಾಹಿತಿ ಕೇಳುವ ಪ್ರಶ್ನೆಗಳಿಗೆ ಉತ್ತರ ಗೂಗಲ್‌ನ ಹೊಸಿಲಲ್ಲೇ ಸಿಗುತ್ತಿದೆ. ಹೆಸರು ಹಿಡಿದು, ಊರು ಹಿಡಿದು ಹುಡುಕುವವರು ಇನ್ನೂ ಒಳಗೆ ಹೋಗುತ್ತಿದ್ದಾರೆ.

ತಿಪಟೂರಿನ ಗಾಣ ಒಂದಿದೆ ಎಂದುಕೊಳ್ಳಿ

ಕೊಬ್ಬರಿಗೆ ಹೆಸರಾದ ತಿಪಟೂರಿನಲ್ಲಿ ಮರದ ಗಾಣದ ಎಣ್ಣೆ ಮಾರುವ ಒಂದು ಅಂಗಡಿ, ಅದಕ್ಕೊಂದು ವೆಬ್‌ಸೈಟು ಇದೆ ಎಂದಿಟ್ಟುಕೊಳ್ಳೋಣ. ನಾಲ್ಕೈದು ವರ್ಷದ ಹಿಂದೆ ಎಸ್‌ಇಒ ಮಾಡಿಕೊಟ್ಟವರು ಅದಕ್ಕೆ ಮೂವತ್ತು ಲೇಖನ ಬರೆಸಿರುತ್ತಾರೆ. ‘ಕೊಬ್ಬರಿ ಎಣ್ಣೆಯ ಹತ್ತು ಉಪಯೋಗಗಳು’, ‘ಗಾಣದ ಎಣ್ಣೆಗೂ ರಿಫೈನ್ಡ್ ಎಣ್ಣೆಗೂ ಏನು ವ್ಯತ್ಯಾಸ’, ‘ಕೂದಲು ಉದುರುವುದಕ್ಕೆ ಮನೆಮದ್ದು’. ಉಳಿದದ್ದು ನಾಲ್ಕೇ ಪುಟ: ಎಣ್ಣೆಗಳ ಪಟ್ಟಿ, ದರ, ಅಂಗಡಿಯ ವಿಳಾಸ, ಪಾರ್ಸೆಲ್ ಕಳಿಸುವ ವಿವರ.

ಈ ಸೈಟಿಗೆ ಬರುತ್ತಿದ್ದವರಲ್ಲಿ ಬಹುಪಾಲು ಆ ಮೂವತ್ತು ಲೇಖನಕ್ಕೆ ಬಂದವರೇ. ಅವರಲ್ಲಿ ಒಬ್ಬರು ದುಬೈಯಲ್ಲಿರಬಹುದು, ಇನ್ನೊಬ್ಬರು ಶಾಲೆಯ ಪ್ರಾಜೆಕ್ಟ್ ಬರೆಯುತ್ತಿರಬಹುದು. ಎಣ್ಣೆ ಕೊಂಡವರು ಎಷ್ಟು ಮಂದಿ ಎಂದು ಯಾರೂ ಲೆಕ್ಕ ಹಾಕಲಿಲ್ಲ. ತಿಂಗಳ ಕೊನೆಗೆ ಬರುವ ವರದಿಯಲ್ಲಿ ಗೆರೆ ಮೇಲಕ್ಕೆ ಹೋಗುತ್ತಿತ್ತು, ಬಿಲ್ಲು ಪಾಸಾಗುತ್ತಿತ್ತು.

ಈಗ ಆ ಹತ್ತು ಉಪಯೋಗಗಳನ್ನು ಗೂಗಲ್ ತಾನೇ ಹೇಳಿಬಿಡುತ್ತದೆ. ಲೇಖನಕ್ಕೆ ಬರುವವರು ನಿಲ್ಲುತ್ತಾರೆ. ಗೆರೆ ಪಾತಾಳಕ್ಕೆ ಇಳಿಯುತ್ತದೆ. ಗಾಬರಿ ಹುಟ್ಟುವುದು ಈ ಗೆರೆ ನೋಡಿಯೇ. ಆದರೆ ‘ತಿಪಟೂರು ಗಾಣದ ಎಣ್ಣೆ’ ಎಂದು ಹುಡುಕಿ ದರದ ಪುಟಕ್ಕೆ ಬರುತ್ತಿದ್ದವರು ಅಷ್ಟೇ ಇರಬಹುದು. ಹೋದವರು ಹೆಚ್ಚಾಗಿ ಓದುಗರು, ಗಿರಾಕಿಗಳಲ್ಲ.

ಲೇಖನ ಬರೆದೇ ಬದುಕುವವರ ಕಥೆ ಹಾಗಲ್ಲ. ಗಾಳಿ ಶುದ್ಧ ಮಾಡುವ ಯಂತ್ರಗಳನ್ನು ತಂದು ಪರೀಕ್ಷಿಸಿ ಬರೆಯುವ ಹೌಸ್‌ಫ್ರೆಶ್ ಎಂಬ ಸಣ್ಣ ಸೈಟು, ಗೂಗಲ್‌ನಿಂದ ಬರುತ್ತಿದ್ದ ಜನರಲ್ಲಿ ಶೇ 91ರಷ್ಟನ್ನು ಕಳೆದುಕೊಂಡೆವು ಎಂದು 2024ರಲ್ಲಿ ಹೇಳಿಕೊಂಡಿತು. ಅದಕ್ಕೆ ಕಾರಣ ಎಐ ಉತ್ತರವಲ್ಲ, ಪಟ್ಟಿ ಜೋಡಿಸುವ ಕ್ರಮವನ್ನೇ ಗೂಗಲ್ ಬದಲಿಸಿದ್ದು. ಓದುಗರೇ ಆದಾಯವಾಗಿರುವವರಿಗೆ ಕ್ಲಿಕ್ ಹೋದರೆ ಎಲ್ಲವೂ ಹೋದಂತೆ. ಎಣ್ಣೆ ಮಾರುವವರ ದುಡ್ಡು ಬರುವುದು ಎಣ್ಣೆಯಿಂದ. ಇವರಿಬ್ಬರ ನಷ್ಟವನ್ನು ಒಂದೇ ತಕ್ಕಡಿಯಲ್ಲಿ ತೂಗಿ ‘ಎಸ್‌ಇಒ ಸತ್ತಿತು’ ಎನ್ನುವುದರಿಂದಲೇ ಅರ್ಧ ಗೊಂದಲ.

ಹಾಗಂತ ಗಾಣದವರಿಗೆ ನಷ್ಟವೇ ಇಲ್ಲ ಎಂದೂ ಅಲ್ಲ. ಉಪಯೋಗ ಓದಲು ಬಂದವರಲ್ಲಿ ನೂರಕ್ಕೆ ಒಬ್ಬರು ‘ಇವರ ಹತ್ತಿರವೇ ಒಂದು ಲೀಟರ್ ತರಿಸೋಣ’ ಎಂದುಕೊಳ್ಳುತ್ತಿದ್ದರು. ಅಂಗಡಿಯ ಹೆಸರೇ ಗೊತ್ತಿಲ್ಲದವರಿಗೆ ಅದು ಗೊತ್ತಾಗುತ್ತಿದ್ದ ದಾರಿ ಅದು. ಹೊಸದಾಗಿ ಅಂಗಡಿ ತೆರೆದವರಿಗೆ ಇದರ ಬಿಸಿ ಜಾಸ್ತಿ ತಟ್ಟುತ್ತದೆ.

ಗೆರೆ ನೋಡುವ ಮೊದಲು

ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ. ಯಾವ ಪದ ಟೈಪಿಸಿದವರಿಗೆ ನಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂದು 16 ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ಈಚೆಗೆ ತುಂಬ ಜನಕ್ಕೆ ಅದರಲ್ಲಿ ಕಂಡದ್ದು ಒಂದು ವಿಚಿತ್ರ ಚಿತ್ರ. ಕಂಡ ಲೆಕ್ಕ ಏರುತ್ತಿದೆ, ಒತ್ತಿದ ಲೆಕ್ಕ ಇಳಿಯುತ್ತಿದೆ. ಎರಡು ಗೆರೆ ಸೇರಿ ಬಾಯಿ ತೆರೆದ ಮೊಸಳೆಯ ಹಾಗೆ ಕಾಣುತ್ತದೆ. ಈ ಕಸುಬಿನವರು ಅದಕ್ಕೆ ಮೊಸಳೆ ಎಂದೇ ಹೆಸರಿಟ್ಟರು.

ಕಾರಣ ಒಂದೇ ಅಲ್ಲ. ಎಐ ಉತ್ತರದೊಳಗೆ ನಮ್ಮ ಕೊಂಡಿ ಕಂಡರೂ ಅದು ಕಂಡ ಲೆಕ್ಕಕ್ಕೆ ಸೇರುತ್ತದೆ. ಜನ ಒತ್ತುವುದಿಲ್ಲವಾದ್ದರಿಂದ ಕ್ಲಿಕ್ ಏರುವುದಿಲ್ಲ. ಅದನ್ನು ಬೇರೆ ಮಾಡಿ ತೋರಿಸಿ ಎಂದು 2025ರುದ್ದಕ್ಕೂ ಕೇಳಿದವರಿಗೆ ಗೂಗಲ್ ಬೇರೆ ಕಾಲಂ ಕೊಡಲಿಲ್ಲ. ಇನ್ನೊಂದು ಕಾರಣ 2025ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಒಂದೇ ಪುಟದಲ್ಲಿ ನೂರು ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿದ ಕೂಡಲೇ ಬಹಳಷ್ಟು ಸೈಟುಗಳ ಕಂಡ ಲೆಕ್ಕ ಧಡಕ್ಕನೆ ಕುಸಿಯಿತು. ಕ್ಲಿಕ್ ಮಾತ್ರ ಹಾಗೇ ಇತ್ತು. ಅಲ್ಲಿಯವರೆಗೆ ಎಂಬತ್ತನೆಯ ಸಾಲಿನಲ್ಲಿದ್ದ ಪುಟವನ್ನು ‘ಕಂಡ’ವರಲ್ಲಿ ಹಲವರು ಮನುಷ್ಯರೇ ಅಲ್ಲ. ಯಾರು ಎಷ್ಟನೇ ಸ್ಥಾನದಲ್ಲಿದ್ದಾರೆ ಎಂದು ಲೆಕ್ಕ ಇಡಲು ಎಸ್‌ಇಒ ಕಂಪನಿಗಳೇ ಓಡಿಸುತ್ತಿದ್ದ ಯಂತ್ರಗಳು! ಅದೇ ಅಂಕಿಯನ್ನು ವರದಿಯಲ್ಲಿ ಹಾಕಿ ಬಿಲ್ಲು ಕೊಟ್ಟವರೂ ಇದ್ದಾರು.

ಆದ್ದರಿಂದ ಒಟ್ಟು ಗೆರೆ ನೋಡಿ ಏನನ್ನೂ ತೀರ್ಮಾನಿಸಲು ಆಗದು. ಅಂಗಡಿಯ ಹೆಸರು, ಊರಿನ ಹೆಸರು, ದರ, ಆರ್ಡರ್ ಎಂಬ ಪದಗಳಿರುವ ಹುಡುಕಾಟಗಳನ್ನು ಬೇರೆ ಮಾಡಿ ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಬೇಕು. ಅದು ಕುಸಿದಿದ್ದರೆ ಚಿಂತಿಸುವ ವಿಷಯ. ಬರೀ ‘ಉಪಯೋಗಗಳು’ ಕುಸಿದಿದ್ದರೆ ಹೆದರುವ ಅಗತ್ಯ ಕಡಿಮೆ.

ಮ್ಯಾಪ್‌ನದ್ದೇ ಬೇರೆ ದಾರಿ

ಊರಿನ ಗಿರಾಕಿ ಅಂಗಡಿ ಹುಡುಕುವುದು ಹೆಚ್ಚಾಗಿ ಮ್ಯಾಪ್‌ನಲ್ಲಿ. ಅಲ್ಲಿ ಯಾರು ಮೇಲೆ ಬರಬೇಕು ಎಂಬುದಕ್ಕೆ ಮೂರು ಅಳತೆ ಇದೆ ಎಂದು ಗೂಗಲ್ ಬಹಿರಂಗವಾಗಿಯೇ ಹೇಳಿದೆ: ಹುಡುಕಿದ ವಸ್ತುವಿಗೂ ಅಂಗಡಿಗೂ ಇರುವ ಹೊಂದಿಕೆ, ದೂರ, ಅಂಗಡಿ ಜನರಲ್ಲಿ ಗಳಿಸಿರುವ ಹೆಸರು. ಎರಡನೆಯದನ್ನು ಯಾವ ಪ್ಯಾಕೇಜೂ ಬದಲಿಸಲಾರದು. ಜಯನಗರದ ಟೈಲರ್ ಅಂಗಡಿಯನ್ನು ಯಲಹಂಕದಲ್ಲಿ ನಿಂತು ‘ಹತ್ತಿರದ ಟೈಲರ್’ ಎಂದು ಹುಡುಕುವವರಿಗೆ ಮೊದಲು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಫೋನ್ ಇಡಬಹುದು.

ಮ್ಯಾಪ್‌ನಲ್ಲಿ ಅಂಗಡಿಗಿರುವ ವಿವರದ ಪುಟಕ್ಕೆ ಬಿಸಿನೆಸ್ ಪ್ರೊಫೈಲ್ ಎನ್ನುತ್ತಾರೆ. ಅದರಲ್ಲಿ ಎಷ್ಟು ಜನ ಕರೆ ಮಾಡಿದರು, ಎಷ್ಟು ಜನ ದಾರಿ ಕೇಳಿದರು ಎಂಬ ಲೆಕ್ಕ ಸಿಗುತ್ತದೆ. ಗಲ್ಲಾಪೆಟ್ಟಿಗೆಗೆ ಹತ್ತಿರದ ಅಂಕಿ ಇದು. ವೆಬ್‌ಸೈಟಿನ ಗೆರೆ ಇಳಿದು ಇದು ಏರಿರುವ ಅಂಗಡಿಗಳೂ ಇರುತ್ತವೆ, ಏಕೆಂದರೆ ಫೋನ್ ನಂಬರು, ಸಮಯ, ಫೋಟೋ ಎಲ್ಲ ಅಲ್ಲೇ ಸಿಕ್ಕಿದಾಗ ವೆಬ್‌ಸೈಟು ತೆರೆಯುವ ಕೆಲಸವೇ ಇರುವುದಿಲ್ಲ.

ಇದರ ಮೇಲೇ ಪೂರ್ತಿ ಒರಗಿಕೊಳ್ಳುವುದೂ ತಪ್ಪು. ಪ್ರೊಫೈಲ್ ಜೊತೆ ಗೂಗಲ್ ಪುಕ್ಕಟೆಯಾಗಿ ಒಂದು ಪುಟ್ಟ ವೆಬ್‌ಸೈಟು ಮಾಡಿಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು. ಜೂನ್ 10ರ ನಂತರ ಆ ವಿಳಾಸಗಳು ಕೆಲಸ ಮಾಡುವುದನ್ನೇ ನಿಲ್ಲಿಸಿದವು. ವಿಸಿಟಿಂಗ್ ಕಾರ್ಡಿನಲ್ಲಿ, ಬೋರ್ಡಿನಲ್ಲಿ ಅದೇ ವಿಳಾಸ ಬರೆಸಿದ್ದವರ ಪಾಡು ಏನಾಗಿರಬೇಡ. ಬಾಡಿಗೆ ಇಲ್ಲದ ಜಾಗ, ನಿಜ. ಆದರೆ ಬೀಗದ ಕೈ ಅವರ ಹತ್ತಿರವೇ.

ಹೆಸರು ಎಂಬ ಮೂರನೆಯ ಅಳತೆಯಲ್ಲಿ ರಿವ್ಯೂಗಳ ಪಾಲು ದೊಡ್ಡದು. ಅದಕ್ಕೇ ‘ಐವತ್ತು ರಿವ್ಯೂ ಹಾಕಿಸಿಕೊಡ್ತೀವಿ’ ಎನ್ನುವ ದಂಧೆಯೂ ಬೆಳೆದಿದೆ. ದುಡ್ಡು ಕೊಟ್ಟು ಹಾಕಿಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿದೆ. ಸಿಕ್ಕಿಬಿದ್ದರೆ ಸುಳ್ಳು ರಿವ್ಯೂಗಳ ಜೊತೆ ಪ್ರೊಫೈಲೇ ಮಾಯವಾಗಬಹುದು. ಐವತ್ತಕ್ಕೆ ಆಸೆಪಟ್ಟು ನಿಜವಾದ ಹದಿನೈದನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಪ್ಯಾಕೇಜಿನ ಗಂಟು ಬಿಚ್ಚಿದರೆ

ಜಿಇಒ ಹೆಸರಿನಲ್ಲಿ ಮಾರುವ ಸಾಮಾನುಗಳಲ್ಲಿ ಮೊದಲು ಸಿಗುವುದು ‘ಎಲ್‌ಎಲ್‌ಎಂಸ್ ಟೆಕ್ಸ್ಟ್’ ಎಂಬ ಫೈಲು. ಎಐ ಯಂತ್ರಗಳು ಓದಲೆಂದು ಸೈಟಿನ ಸಾರಾಂಶ ಬರೆದಿಡುವುದು. 2024ರಲ್ಲಿ ಬಂದ ಒಂದು ಸಲಹೆ ಅದು, ಎಲ್ಲರೂ ಒಪ್ಪಿದ ಮಾನದಂಡವಲ್ಲ. ತಾನು ಅದನ್ನು ಬಳಸುವುದಿಲ್ಲ ಎಂದು ಗೂಗಲ್‌ನವರು 2025ರಲ್ಲಿ ಹೇಳಿದ್ದಾರೆ. ಪುಟ ಯಾವುದರ ಬಗ್ಗೆ ಎಂದು ಹೇಳಲು ಕೋಡಿನೊಳಗೆ ಪದಗಳನ್ನು ತುಂಬುತ್ತಿದ್ದ ಹಳೆಯ ಕೀವರ್ಡ್ ಟ್ಯಾಗ್‌ಗೆ ಅದನ್ನು ಹೋಲಿಸಿದ್ದೂ ಉಂಟು. ಆ ಟ್ಯಾಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ ತಿಳಿಸಿದ್ದು 2009ರಲ್ಲಿ. ಅದನ್ನು ತುಂಬಿಕೊಡಲು ಇವತ್ತಿಗೂ ದುಡ್ಡು ತೆಗೆದುಕೊಳ್ಳುವವರಿದ್ದಾರೆ ಎಂಬುದು ಬೇರೆ ಮಾತು.

ಎರಡನೆಯದು ಪ್ರಶ್ನೋತ್ತರದ ಸ್ಕೀಮಾ. ಫಲಿತಾಂಶದ ಕೆಳಗೆ ಪ್ರಶ್ನೆಗಳು ಸಾಲಾಗಿ ತೆರೆದುಕೊಳ್ಳುವ ಹಾಗೆ ಮಾಡುವ ಕೋಡ್ ಅದು. 2023ರ ಆಗಸ್ಟ್‌ನಲ್ಲೇ ಗೂಗಲ್ ಅದನ್ನು ಹೆಸರಾಂತ ಸರಕಾರಿ ಮತ್ತು ಆರೋಗ್ಯ ಸೈಟುಗಳಿಗೆ ಸೀಮಿತ ಮಾಡಿತು. ಮೂರನೆಯದು ಎಐನಿಂದ ನೂರಾರು ಲೇಖನ ಬರೆಸುವುದು. ಇದು ವ್ಯರ್ಥವಷ್ಟೇ ಅಲ್ಲ, ಅಪಾಯ. ಯಾರಿಗೂ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕುವುದನ್ನು 2024ರ ಮಾರ್ಚ್‌ನಿಂದ ಗೂಗಲ್ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ.

ಜಿಇಒ ಮಾಡುವವರ ವಾದವನ್ನೂ ಕೇಳಬೇಕು. ಚಾಟ್‌ಜಿಪಿಟಿಯಂಥ ಬೇರೆ ಯಂತ್ರಗಳು ಗೂಗಲ್ ಅಲ್ಲ, ಅವು ಹೆಸರು ಆರಿಸುವ ರೀತಿ ಬೇರೆ, ಮುಂಚೆಯೇ ತಯಾರಾಗಿರುವುದು ಒಳ್ಳೆಯದು ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಆದರೆ ಅವು ಹೇಗೆ ಆರಿಸುತ್ತವೆ ಎಂಬುದನ್ನು ಆ ಕಂಪನಿಗಳು ಬಿಚ್ಚಿ ಹೇಳಿಲ್ಲ. ಹಾಗಾಗಿ ಇಷ್ಟು ತಿಂಗಳಲ್ಲಿ ಹೆಸರು ಬರಿಸುತ್ತೇವೆ ಎಂದು ಭರವಸೆ ಕೊಡುವುದು ಬರೀ ಬಾಯಿಮಾತು. ಹಳೆಯ ಎಸ್‌ಇಒ ಬಗ್ಗೆಯೇ ಗೂಗಲ್‌ನ ಮಾರ್ಗದರ್ಶಿಯಲ್ಲಿ ಎರಡು ಎಚ್ಚರಿಕೆ ಇವೆ: ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು, ಮಾಡಿದ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು. ಎಐ ಉತ್ತರಕ್ಕೆಂದು ಬೇರೆ ಫೈಲಾಗಲಿ, ಬೇರೆ ಸ್ಕೀಮಾ ಆಗಲಿ ಬೇಕಿಲ್ಲ ಎಂದೂ ಅದು ಬರೆದಿದೆ.

ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೀಚು

ಕನ್ನಡ ಸೈಟುಗಳದ್ದು ಇದಕ್ಕಿಂತ ಹಳೆಯ ತೊಂದರೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹವನ್ನು ಹಾಗೆಯೇ ಸೈಟಿಗೆ ಹಾಕಿದವರಿದ್ದಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ‘ಗಾಣದ ಎಣ್ಣೆ’ ಎಂದೇ ಕಾಣುತ್ತದೆ. ಒಳಗಿರುವುದು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ಗೂಗಲ್ ಓದುವುದು ಆ ಸರಮಾಲೆಯನ್ನು. ಯಾವ ಯಂತ್ರವೂ ಕನ್ನಡವೆಂದೇ ಓದಬಲ್ಲ ಯುನಿಕೋಡ್‌ಗೆ ಬದಲಿಸುವವರೆಗೆ ಆ ಪುಟ ಕನ್ನಡದ ಹುಡುಕಾಟಕ್ಕೆ ಸಿಗುವುದು ಕಷ್ಟ. ದರಪಟ್ಟಿಯನ್ನು ಫೋಟೋ ಮಾಡಿ ಹಾಕಿದರೂ ಹೆಚ್ಚುಕಡಿಮೆ ಇದೇ ಕಥೆ. ಚಿತ್ರದೊಳಗಿನ ಅಕ್ಷರವನ್ನು ಪುಟದ ಮೇಲಿನ ಅಕ್ಷರದಷ್ಟು ನಂಬಿಕೊಳ್ಳಲಾಗದು.

ಇನ್ನೊಂದು, ಜನ ಟೈಪಿಸುವ ರೀತಿ. ಕನ್ನಡ ಮಾತಾಡುವವರೇ ಇಂಗ್ಲಿಷ್ ಅಕ್ಷರದಲ್ಲಿ ‘ಗಾಣದ ಎಣ್ಣೆ’ ಎಂದು ಬರೆಯುತ್ತಾರೆ, ಕೆಲವರು ‘ಮರಗಾಣ ಆಯಿಲ್’ ಎನ್ನುತ್ತಾರೆ. ಪುಟದ ತಲೆಬರಹದಲ್ಲಿ ಇವೆರಡಕ್ಕೂ ಜಾಗ ಕೊಟ್ಟರೆ ಸಾಕು, ಮೂವತ್ತು ಲೇಖನ ಬೇಕಿಲ್ಲ. ಕನ್ನಡದಲ್ಲಿ ಇಂಥ ಪುಟಗಳು ಕಡಿಮೆ ಇರುವುದರಿಂದ ಪೈಪೋಟಿಯೂ ಕಡಿಮೆ. ಎಐ ಉತ್ತರಕ್ಕೂ ಸರಕು ಬೇಕಲ್ಲ. ಕೊಬ್ಬರಿಯ ಸಾಮಾನ್ಯ ಉಪಯೋಗ ಅದಕ್ಕೆ ಸಾವಿರ ಕಡೆ ಸಿಗುತ್ತದೆ. ಈ ಅಂಗಡಿಯಲ್ಲಿ ಗಾಣ ತಿರುಗುವುದು ವಾರದಲ್ಲಿ ಯಾವ ದಿನ, ನಿಮ್ಮದೇ ಕೊಬ್ಬರಿ ತಂದರೆ ಕೂಲಿ ಕಿಲೋಗೆ ಎಷ್ಟು, ಹಿಂಡಿ ಯಾರಿಗೆ ಎಂಬುದು ಸಿಗುವುದು ಒಂದೇ ಕಡೆ. ತಿಳಿಯಬೇಕಾದವರು ಅಲ್ಲಿಗೇ ಬರಬೇಕು.

ಉತ್ತರವೇ ತಪ್ಪಾದರೆ

ನನ್ನ ಲೆಕ್ಕದಲ್ಲಿ ಕ್ಲಿಕ್ ಇಳಿದದ್ದಕ್ಕಿಂತ ದೊಡ್ಡ ಅಪಾಯ ಇದು. ಹಿಂದೆ ಗೂಗಲ್ ‘ಇವರು ಹೀಗೆ ಬರೆದಿದ್ದಾರೆ, ನೋಡಿ’ ಎನ್ನುತ್ತಿತ್ತು. ಈಗ ತಾನೇ ಹೇಳುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಸೋಲಾರ್ ಅಳವಡಿಸುವ ವುಲ್ಫ್ ರಿವರ್ ಎಲೆಕ್ಟ್ರಿಕ್ ಎಂಬ ಕಂಪನಿ 2025ರಲ್ಲಿ ಗೂಗಲ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. ರಾಜ್ಯದ ಅಟಾರ್ನಿ ಜನರಲ್ ತಮ್ಮ ಮೇಲೆ ಕೇಸು ಹಾಕಿದ್ದಾರೆ ಎಂದು ಎಐ ಉತ್ತರ ತೋರಿಸಿತು, ಅಂಥ ಕೇಸೇ ಇರಲಿಲ್ಲ, ಗಿರಾಕಿಗಳು ಆರ್ಡರ್ ಬಿಟ್ಟು ಹೋದರು ಎಂಬುದು ಅವರ ದೂರು. ದೊಡ್ಡ ಕಂಪನಿಯಾದರೆ ವಕೀಲರಿದ್ದಾರೆ. ಗಾಣದವರು ಏನು ಮಾಡಬೇಕು? ಈಗಿರುವ ದಾರಿ ಎಂದರೆ ಉತ್ತರದ ಕೆಳಗಿನ ಗುಂಡಿ ಒತ್ತಿ ದೂರು ಕಳಿಸುವುದು, ಕಾಯುವುದು. ಜೊತೆಗೆ ತಮ್ಮ ಹೆಸರು, ವಿಳಾಸ, ನಂಬರು ಎಲ್ಲ ಕಡೆ ಒಂದೇ ಥರ ಇರುವಂತೆ ನೋಡಿಕೊಳ್ಳುವುದು. ಹಳೆಯ ನಂಬರು ಎಲ್ಲೋ ಉಳಿದಿದ್ದರೆ ಯಂತ್ರ ಅದನ್ನೇ ಎತ್ತಿಕೊಳ್ಳಬಹುದು.

ಇದರಿಂದ ಹೊರಗೆ ಉಳಿಯುತ್ತೇನೆ ಎನ್ನುವುದೂ ಸುಲಭವಲ್ಲ. ಎಐ ತರಬೇತಿಗೆ ತಡೆ ಹಾಕಲು ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಸೂಚನೆ ಇದೆ, ಆದರೆ ಅದು ಎಐ ಓವರ್‌ವ್ಯೂಗೆ ಅನ್ವಯಿಸದು. ಅದನ್ನೂ ತಡೆಯಬೇಕಾದರೆ ಮಾಮೂಲಿ ಫಲಿತಾಂಶದ ಕೆಳಗೆ ಬರುವ ಎರಡು ಸಾಲಿನ ವಿವರವನ್ನೂ ಬಿಟ್ಟುಕೊಡಬೇಕು. ವಿವರವಿಲ್ಲದ ಕೊಂಡಿಯನ್ನು ಯಾರು ಒತ್ತುತ್ತಾರೆ? ಪ್ರಕಾಶಕರು ಜಗಳ ತೆಗೆದಿರುವುದು ಈ ಗಂಟಿನ ಮೇಲೆಯೇ. 2025ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ಇದರ ಬಗ್ಗೆ ಅಧಿಕೃತ ತನಿಖೆ ಶುರು ಮಾಡಿತು.

ಭಾರತದಲ್ಲೂ ಇಂಥ ಜಗಳ ಹೊಸದೇನಲ್ಲ. ಮದುವೆ ಜಾಲತಾಣ ನಡೆಸುವ ಮ್ಯಾಟ್ರಿಮೊನಿ ಡಾಟ್ ಕಾಮ್ ಮತ್ತು ಒಂದು ಗ್ರಾಹಕ ಸಂಸ್ಥೆ 2012ರಲ್ಲಿ ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತ್ತು. ಹುಡುಕಾಟದಲ್ಲಿ ತನ್ನ ಸೇವೆಗಳನ್ನೇ ಮುಂದೆ ಮಾಡಿತು ಎಂಬುದು ಕಾರಣ. ದೂರಿನಿಂದ ಆದೇಶಕ್ಕೆ ಆರು ವರ್ಷ. ಅಷ್ಟರಲ್ಲಿ ಒಂದು ಸಣ್ಣ ಅಂಗಡಿ ತೆರೆದು, ಬೆಳೆದು, ಮುಚ್ಚಿಯೂ ಹೋಗಬಹುದು.

ಈ ನಡುವೆ ಜಾಹೀರಾತು ತನ್ನ ಜಾಗ ಹುಡುಕಿಕೊಂಡಿದೆ. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದಲೇ ಎಐ ಉತ್ತರದೊಳಗೆ ಜಾಹೀರಾತು ಕಾಣಿಸತೊಡಗಿತು. ಪುಕ್ಕಟೆ ಸಿಗುತ್ತಿದ್ದ ಜಾಗ ಕಿರಿದಾದಷ್ಟೂ ದುಡ್ಡು ಕೊಟ್ಟು ಕೊಳ್ಳುವ ಜಾಗದ ಬೆಲೆ ಏರುತ್ತದೆ. ಜಿಇಒ ಪ್ಯಾಕೇಜಿಗೆ ಹಣ ಎತ್ತಿಡುವ ಮೊದಲು ಗಾಣದವರು ಈ ಖರ್ಚನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಹಬ್ಬದ ಹಿಂದಿನ ವಾರ ‘ಗಾಣದ ಎಣ್ಣೆ’ ಎಂಬ ಎರಡು ಪದಕ್ಕೆ ಬೆಂಗಳೂರಿನ ದೊಡ್ಡ ಬ್ರಾಂಡುಗಳ ಜೊತೆ ಹರಾಜಿನಲ್ಲಿ ಕೂರಬೇಕಾದೀತು.